ತಿಂಡಿ ಆಯ್ತಾ ಎಂದು ಕೇಳಿದ ಸೋಮವಾರ

ಕಳೆದ ವಾರ ಬ್ಯಾಗಿಗೆ ಜಿಪ್ ಹಾಕಿಸಲು ಗಿರಿನಗರದ ಒಂದು ಟೈಲರ್ ಅಂಗಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟೊಡನೆ ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆ ಮೂಗಿಗೆ ಬಡಿಯಿತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಬರುತ್ತಿದ್ದ ಟೈಲರ್ ಆಂಟಿಯೊಬ್ಬರ ಸೆರಗಿನಲ್ಲೂ ಇದೇ ವಾಸನೆ ಇರುತ್ತಿತ್ತು...

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಜಯನಗರದ ಸಣ್ಣ ಆಸ್ಪತ್ರೆಯೊಂದರಲ್ಲಿ ಹೊಸ ನರ್ಸ್. ಸಕ್ಕರೆ ಕಾಯಿಲೆಯವರಿಗೆ ಬೇರೊಬ್ಬರ ಮೂಳೆ ಮಜ್ಜೆಯಿಂದ ಬೆಳೆಸಿದ ಜೀವಕೋಶಗಳನ್ನು ಡ್ರಿಪ್‌ನಲ್ಲಿ ಕೊಡುವ ಪ್ರಯೋಗ ಅಲ್ಲಿ ಶುರುವಾಗಿತ್ತು. ಕಾಯಿಲೆ ವಾಸಿಯಾಗುತ್ತದೆಯೇ ಅನ್ನುವುದು ಆಮೇಲಿನ ಮಾತು. ಇದರಿಂದ ಕೇಡೇನೂ ಆಗುವುದಿಲ್ಲವೇ ಎಂದು ಮೊದಲು ನೋಡಬೇಕಿತ್ತು. ಬೆರಳೆಣಿಕೆಯ ಜನ ಒಪ್ಪಿ ಬಂದಿದ್ದರು. ಚಿಕ್ಕಲಸಂದ್ರದಲ್ಲಿ ರವಿಕೆ ಹೊಲಿಯುತ್ತಿದ್ದ ಆಂಟಿ ಅವರಲ್ಲೊಬ್ಬರು. ಶಾಲೆಗೆ ಹೋಗುವ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಂಡು ಬಂದವರು. ಅವರ ಅಕ್ಕನ ಕಣ್ಣು ಇದೇ ಕಾಯಿಲೆಯಲ್ಲಿ ಹೋಗಿತ್ತು. ಗುಣ ಆಗುತ್ತದೆ ಅಂತ ನಾವು ಹೇಳುತ್ತಿಲ್ಲ ಎಂದು ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದ್ದರು. ಆದರೂ ರುಜು ಹಾಕುವಾಗ ಆಂಟಿ ನನ್ನ ಕಡೆ ತಿರುಗಿ, "ಕಣ್ಣೊಂದು ಉಳಿದ್ರೆ ಸಾಕು ಕಣಮ್ಮ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದಿದ್ದರು.

ಮೊದಲ ಡೋಸ್ ಸುಸೂತ್ರವಾಗಿ ಮುಗಿಯಿತು. ಎರಡನೆಯದಕ್ಕೆ ಇನ್ನೆರಡು ವಾರ ಇರುವಾಗ, ಒಂದು ಸೋಮವಾರ ತಪಾಸಣೆಗೆ ಬಂದರು. ಇನ್ಸುಲಿನ್ ತೆಗೆದುಕೊಂಡ ಮೇಲೆ ಏನು ತಿಂದಿರಿ, ಎಷ್ಟು ಹೊತ್ತಿಗೆ ಎಂದು ಕೇಳಿ ಫಾರಂನಲ್ಲಿ ಬರೆಯುವುದು ನನ್ನ ಕೆಲಸ. ನಾನು ಕೇಳಿದ್ದು ಮಾತ್ರ, "ತಿಂಡಿ ಆಯ್ತಾ ಆಂಟಿ?"

"ಆಯ್ತು ಕಣಮ್ಮ, ನಿಂದು?"

"ಆಯ್ತು."

ನಿಜಕ್ಕೂ ನನ್ನದು ಆಗಿರಲಿಲ್ಲ. ನಮ್ಮಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರ ಎಲ್ಲಿದೆ? ಹೊಟ್ಟೆ ತಾಳ ಹಾಕುತ್ತಿದ್ದರೂ ಆಯ್ತು ಅನ್ನುವುದೇ ಮರ್ಯಾದೆ. ಅವಸರದಲ್ಲಿ 'ಇಡ್ಲಿ, ಎಂಟು ಗಂಟೆ' ಎಂದು ನಾನೇ ಊಹಿಸಿ ಬರೆದುಕೊಂಡೆ.

ಗಂಟೆ ಕಳೆಯುವಷ್ಟರಲ್ಲಿ ಆಂಟಿ ಬೆಂಚಿನಿಂದ ಜಾರಿ ಬಿದ್ದರು. ಮೈಯೆಲ್ಲ ಬೆವರು. ಸಕ್ಕರೆ ಪಾತಾಳಕ್ಕಿಳಿದಿತ್ತು. ಗ್ಲೂಕೋಸ್ ಏರಿಸಿ ಎಬ್ಬಿಸಿದೆವು. ತಿಂಡಿ ತಿಂದೂ ಹೀಗಾಯಿತೆಂದರೆ ಇದು ಆ ಕೋಶಗಳದ್ದೇ ಕಿತಾಪತಿ ಇರಬೇಕೆಂದು ಹೆದರಿ, ಡಾಕ್ಟರು ಪ್ರಯೋಗವನ್ನೇ ನಿಲ್ಲಿಸಿದರು.

ಮೂರನೇ ದಿನ ಆಂಟಿ ತಾವಾಗಿಯೇ ಬಂದು ಡಾಕ್ಟರ ಮುಂದೆ ಕೂತರು. ನಾನೂ ಅಲ್ಲೇ ಇದ್ದೆ.

"ಸಾರ್, ಅವತ್ತು ಶ್ರಾವಣ ಸೋಮವಾರ. ಇಂಜೆಕ್ಷನ್ ತಗೊಂಡೆ, ಆದ್ರೆ ಉಪವಾಸ ಇದ್ದೆ. ಈ ಟ್ರೀಟ್‌ಮೆಂಟ್ ಕೈ ಹಿಡೀಲಿ ಅಂತಾನೇ ಶಿವನಿಗೆ ಹರಕೆ ಹೊತ್ತಿದ್ದೆ."

ಡಾಕ್ಟರು ಫಾರಂ ತೆರೆದರು. "ಎಂಟು ಗಂಟೆಗೆ ಇಡ್ಲಿ ಅಂತ ಇದೆಯಲ್ಲ? ಸಿಸ್ಟರ್, ಇದನ್ನ ಇವರೇ ಹೇಳಿದ್ರಾ?"

ಆಂಟಿ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ, "ನಾನೇ ಹೇಳಿದ್ದು ಸಾರ್" ಅಂದುಬಿಟ್ಟರು.

"ತಪ್ಪು ಮಾಹಿತಿ ಕೊಟ್ಟೋರಿಗೆ ಎರಡನೇ ಡೋಸ್ ಕೊಡೋಕಾಗಲ್ಲ. ಗೊತ್ತಲ್ವಾ ಅಮ್ಮ?"

"ಗೊತ್ತು ಸಾರ್. ನಾನು ಸುಮ್ನಿದ್ದಿದ್ರೆ ಮಿಕ್ಕೋರಿಗೂ ಸಿಗ್ತಿರ್ಲಿಲ್ವಲ್ಲ."

ನಾನು ಸುಮ್ಮನಿದ್ದೆ. ಕೆಲಸ ಹೋದೀತೆಂಬ ಭಯ... ನೆಪಗಳಿಗೇನು ಬರ?

ಪ್ರಯೋಗ ಮತ್ತೆ ಶುರುವಾಯಿತು. ಉಳಿದವರಿಗೆಲ್ಲ ಎರಡನೇ ಡೋಸ್ ಸಿಕ್ಕಿತು. ಮೊದಲ ಡೋಸಿನಿಂದ ತೊಂದರೆಯೇನಾದರೂ ಆಯಿತೇ ಎಂದು ನೋಡಲು ಆಂಟಿ ಇನ್ನೊಂದು ವರ್ಷ ಬರಬೇಕಿತ್ತು. ತಮಗಿನ್ನು ಏನೂ ಸಿಗುವುದಿಲ್ಲವೆಂದು ಗೊತ್ತಿದ್ದರೂ ಒಂದು ಸಲವೂ ತಪ್ಪಿಸದೆ ಬಂದು ರಕ್ತ ಕೊಟ್ಟು ಹೋದರು. ನನ್ನ ಮದುವೆಯ ರವಿಕೆಯನ್ನೂ ಅವರೇ ಹೊಲಿದರು. ಅಳತೆ ಕೊಡುವಾಗಲಾದರೂ ಕ್ಷಮಿಸಿ ಅನ್ನಬಹುದಿತ್ತು... ಅನ್ನಲಿಲ್ಲ.

ಅವರು ತೀರಿಹೋದ ಸುದ್ದಿ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಕೊನೆಗೆ ಕಣ್ಣು ಪೂರ್ತಿ ಹೋಗಿತ್ತಂತೆ. ಎರಡನೇ ಡೋಸ್ ಸಿಕ್ಕಿದ್ದರೆ ಉಳಿಯುತ್ತಿತ್ತು ಎನ್ನಲಾರೆ. ಸಿಕ್ಕವರಿಗೂ ಇನ್ಸುಲಿನ್ ತಪ್ಪಲಿಲ್ಲ. ಆದರೆ ಅವರು ಆಸೆಪಟ್ಟು ಬಂದದ್ದು ಆ ಡೋಸಿಗೇ, ಮತ್ತು ಅದನ್ನು ಅವರಿಂದ ಕಿತ್ತುಕೊಂಡದ್ದು ನನ್ನ ಬರಹ. ಆ ಫಾರಂ ಈಗಲೂ ಯಾವುದೋ ಕಪಾಟಿನಲ್ಲಿರಬಹುದು. ಅದರ ಪ್ರಕಾರ ಸುಳ್ಳು ಹೇಳಿದವರು ಆಂಟಿ.