ಶೋ ಕಾಯಿಸುವ ಹಿಸಾ

ಹೊತ್ತು ಮೂಡುವ ಮೊದಲು ಹಿಸಾ ಬೂದಿ ಕೆದಕಿ ರಾತ್ರಿಯ ಕೆಂಡವನ್ನು ಎಬ್ಬಿಸಬೇಕು. ಅತ್ತೆಯ ನಿದ್ದೆ ತೆಳು, ಹಾಗಾಗಿ ರಾಟೆ ಕಿರುಗುಟ್ಟದಂತೆ ಬಾವಿಯಿಂದ ನೀರು ಸೇದಬೇಕು. ಹುರಿದ ಚಹಾ ಸೊಪ್ಪು ಕುದಿಸಿ, ಆ ನೀರಿನಲ್ಲೇ ಗಂಜಿಗೆ ಅಕ್ಕಿ ಹಾಕಬೇಕು. ಅಕ್ಕಿ ಬೀಳುವ ಮುನ್ನವೇ ಒಂದು ಬಟ್ಟಲು ಚಹಾ ಎತ್ತಿಟ್ಟು ಗಂಡನ ಹಿಚಿರಿಕಿಯ ಪೀಪಿ ನೆನೆಹಾಕಬೇಕು. ಗೇಣುದ್ದದ ಆ ವಾದ್ಯ ಬಿಸಿ ಚಹಾ ಕುಡಿಯದೆ ಬಾಯಿ ಬಿಡುವುದಿಲ್ಲ. ಅವನ ಬಿಳಿ ನಿಲುವಂಗಿಯ ನೆರಿಗೆ ತೀಡಬೇಕು. ಜಗಲಿಯ ಹಲಗೆಗಳನ್ನು ಮಂಡಿಯೂರಿ ಒರೆಸಬೇಕು. ಇಷ್ಟರ ನಡುವೆ, ಕೈಗೆ ಬಿಡುವು ಮಾಡಿಕೊಂಡು, ಶೋ ಕಾಯಿಸಬೇಕು.

ಶೋ ಎಂದರೆ ಬಟ್ಟಲಿನಂಥ ಬುಡದಲ್ಲಿ ಹದಿನೇಳು ಸಣ್ಣ ಬಿದಿರು ಕೊಳವೆಗಳನ್ನು ನಿಲ್ಲಿಸಿದ ಊದುವಾದ್ಯ. ಕೊಳವೆಗಳ ಬುಡದಲ್ಲಿ ಉಗುರಿಗಿಂತ ತೆಳುವಾದ ಲೋಹದ ನಾಲಗೆಗಳು. ಉಸಿರಿನ ತೇವ ಕೂತರೆ ಅವು ಮೂಕವಾಗುತ್ತವೆ. ಅದಕ್ಕೇ ಊದುವ ಮುನ್ನವೂ ಊದಿದ ಮೇಲೂ ವಾದ್ಯವನ್ನು ಕೆಂಡದ ಮೇಲೆ ಹಿಡಿದು ತಿರುಗಿಸುತ್ತಲೇ ಇರಬೇಕು, ಎಣ್ಣೆ ತಿಕ್ಕಿದ ಕೂಸಿಗೆ ಶಾಖ ಕೊಟ್ಟ ಹಾಗೆ. ಕಾವು ಹೆಚ್ಚಾದರೆ ಶ್ರುತಿಗೆಂದು ನಾಲಗೆಯ ತುದಿಗೆ ಮೆತ್ತಿದ ಮೇಣ ಕರಗುತ್ತದೆ, ಸ್ವರ ಜಾರುತ್ತದೆ.

ನಾರಾ ಊರಿನ ಬೆಟ್ಟದ ಬುಡದ ದೇಗುಲದಲ್ಲಿ ನುಡಿಸುವ ಮನೆತನ ಗಂಡನದು. ಸಾವಿರ ವರ್ಷದ ಹಿಂದೆ ಸಮುದ್ರದಾಚೆಯ ಚೀನದಿಂದ ಬಂದ ರಾಗಗಳನ್ನು ತಂದೆ ಮಗನಿಗೆ, ಮಗ ಮೊಮ್ಮಗನಿಗೆ ದಾಟಿಸಿಕೊಂಡು ಬಂದವರು. ಶೋ ಆಕಾಶದ ಬೆಳಕು, ಹಿಚಿರಿಕಿ ನೆಲದ ಮೇಲಿನ ಮನುಷ್ಯರ ದನಿ, ನಡುವೆ ಹಾರಾಡುವ ಡ್ರ್ಯಾಗನ್ ಕೊಳಲು ಎಂದು ಅವರು ಹೇಳುತ್ತಿದ್ದರು. ಇದ್ದಿಲಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಹೆಂಗಸಿನ ಬಾಯಿ ಶೋಗೆ ತಾಗಬಾರದು ಎಂಬುದು ಆ ಮನೆಯ ಕಟ್ಟು. ಕೈ ತಾಗಬಹುದು.

ಹಿಸಾ ಮಿವಾ ಊರಿನವಳು. ತಂದೆ ದಾರದಂಥ ಶಾವಿಗೆ ಎಳೆಯುತ್ತಿದ್ದ. ಚಳಿಗಾಲದ ನಸುಕಿನಲ್ಲಿ ಏಳುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಮದುವೆಯಾಗಿ ಬಂದು ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಈ ವಿದ್ಯೆಯಲ್ಲಿ ವಾದ್ಯ ಮುಟ್ಟುವ ಮುನ್ನ ರಾಗವನ್ನೆಲ್ಲ ಬಾಯಲ್ಲಿ ಹಾಡಿ ಕಲಿಯಬೇಕು. ಶಿಷ್ಯರು ಪಡಸಾಲೆಯಲ್ಲಿ ತೊಡೆ ತಟ್ಟಿ ಹಾಡುವಾಗ ಅವಳು ಕಾಗದದ ಬಾಗಿಲಿನ ಈಚೆ ನೆಲ ಒರೆಸುತ್ತಿದ್ದಳು. ಕಿವಿ ಮುಚ್ಚಿಕೊಂಡು ನೆಲ ಒರೆಸಲಾಗುತ್ತದೆಯೇ?

ಆ ವರ್ಷದ ಮಾಗಿಯಲ್ಲಿ ಶೋಗಳ ಸ್ವರ ತಪ್ಪತೊಡಗಿತು. ದೇಗುಲದ ಎಲ್ಲ ಶೋಗಳಿಗೂ ಶ್ರುತಿ ಕೂಡಿಸುವವನು ಮಾವ ಹಿರೊನಾಗಾ. ಅಭ್ಯಾಸಕ್ಕೆ ಕೂತವರು ಮುಖ ಮುಖ ನೋಡಿಕೊಂಡರು. ಹಿರಿಯನ ಕೈ ತಪ್ಪಿತು ಎನ್ನಲು ಯಾರಿಗೂ ನಾಲಗೆ ಬರಲಿಲ್ಲ. ಅತ್ತೆ ತೊಮೆಗೆ ಬಂತು, ಆದರೆ ಬೇರೆ ಕಡೆಗೆ.

"ಏನಮ್ಮ ಮಹಾರಾಯ್ತಿ, ಕೆಂಡದ ಮೇಲೆ ಶೋ ಕಾಯಿಸ್ತಿದ್ಯೋ, ಮೀನು ಸುಡ್ತಿದ್ಯೋ?"

"ಕಾವು ಯಾವಾಗಿನ ಹಾಗೇ ಇಟ್ಟಿದ್ದೀನಿ ಅತ್ತೆ."

"ಯಾವಾಗಿನ ಹಾಗೇ ಇಟ್ಟಿದ್ರೆ ಮೇಣ ತಾನಾಗೇ ಎದ್ದು ಹೋಯ್ತಾ? ಚಳಿಗಾಲದ ಸೇವೆ ಮುಗೀಲಿ. ಅದರಲ್ಲೂ ಸ್ವರ ಕೆಡ್ತೋ, ನಿನ್ನ ಗಂಟುಮೂಟೆ ಮಿವಾಗೆ. ಅಲ್ಲಿ ಶಾವಿಗೆ ಒಣಗಿಸ್ಕೊಂಡಿರು."

ತೊಮೆ ಬರಿಮಾತಿನ ಹೆಂಗಸಲ್ಲ. ಹಿಸಾ ಮೊದಲು ತನ್ನನ್ನೇ ಅನುಮಾನಿಸಿಕೊಂಡಳು. ಕೆಂಡ ಕಡಿಮೆ ಮಾಡಿದಳು, ಶೋ ಹಿಡಿಯುವ ಎತ್ತರಕ್ಕೆ ತನ್ನ ಕೆನ್ನೆ ಒಡ್ಡಿ ನೋಡಿದಳು. ಕಾವು ಹದವಾಗಿಯೇ ಇತ್ತು. ಆಮೇಲೆ ಅತ್ತೆಯ ಮೇಲೆ ಅನುಮಾನ ಬಂತು: ತಾನು ಬಾವಿಗೆ ಹೋದಾಗ ಬಂದು ಇದ್ದಿಲು ಸುರಿಯುತ್ತಾಳೋ ಏನೋ. ಅಗ್ಗಿಷ್ಟಿಕೆಯ ಸುತ್ತ ತೆಳುವಾಗಿ ಬೂದಿ ಉದುರಿಸಿ ಹೋದಳು. ಮರಳಿ ಬಂದಾಗ ಬೂದಿಯ ಮೇಲೆ ಬೆಕ್ಕಿನ ಹೆಜ್ಜೆ ಬಿಟ್ಟು ಬೇರೇನೂ ಇರಲಿಲ್ಲ. ಗಂಡನ ಮೇಲೂ ಒಂದು ಕಣ್ಣಿಟ್ಟಳು. ಅವನು ತನ್ನ ಪೀಪಿಯನ್ನಲ್ಲದೆ ಮನೆಯಲ್ಲಿ ಇನ್ನೇನನ್ನೂ ಮುಟ್ಟುವವನಲ್ಲ, ತಾನುಂಡ ಬಟ್ಟಲನ್ನು ಕೂಡ.

ಉಳಿದವನು ಮಾವ. ಅವನನ್ನು ಅನುಮಾನಿಸುವುದಕ್ಕೆ ಅವಳಿಗೇ ಅಂಜಿಕೆಯಾಯಿತು.

ಶ್ರುತಿ ಕೂಡಿಸುವಾಗ ಕೆಂಡ ನೋಡಿಕೊಳ್ಳಲು ಅವಳು ಎದುರಿಗೆ ಕೂರುತ್ತಿದ್ದಳು. ಮೊದಲೆಲ್ಲ ಮಾವ ಕಣ್ಣು ಮುಚ್ಚಿ ಊದುತ್ತಿದ್ದ. ಈಗ ಕಣ್ಣು ತೆರೆದಿರುತ್ತಿತ್ತು. ಒಂದೊಂದು ಕೊಳವೆಯ ಸ್ವರ ಹೊರಟಾಗಲೂ ಆ ಕಣ್ಣು ಅವಳ ಮುಖಕ್ಕೆ ಬರುತ್ತಿತ್ತು. ಸ್ವರ ತಪ್ಪಿದಾಗ ತನ್ನ ಹುಬ್ಬು ಸಣ್ಣಗೆ ಗಂಟಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹುಬ್ಬು ಗಂಟಾದ ಕೂಡಲೇ ಮಾವನ ಕೈ ಮೇಣದ ಕಡೆ ಹೋಗುವುದನ್ನು ಕಂಡಾಗ ಗೊತ್ತಾಯಿತು. ಮರುದಿನ ಬೇಕೆಂದೇ ಮುಖವನ್ನು ಕಲ್ಲು ಮಾಡಿಕೊಂಡು ಕೂತಳು. ಸರಿಯಿದ್ದ ಕೊಳವೆಯನ್ನೂ ಮಾವ ಎರಡೆರಡು ಸಲ ಊದಿದ, ಬೆವರಿದ. ಅವಳು ಎದ್ದು ಹೋಗಿ ಅವನ ಬೆನ್ನ ಹಿಂದೆ ಕಬ್ಬಿಣದ ಕೆಟಲಿನ ಮುಚ್ಚಳ ಬೀಳಿಸಿದಳು. ಬೆಕ್ಕು ಹಾರಿ ಓಡಿತು. ಮಾವ ತಿರುಗಲಿಲ್ಲ.

ಅಂದು ಸಂಜೆ ಗಂಡ ನೊರಿಕಾಗೆಗೆ ಬಡಿಸುತ್ತ ಹೇಳಿದಳು. "ರೀ, ಮಾವನಿಗೆ ಕಿವಿ ಕೇಳಿಸ್ತಿಲ್ಲ."

ಅವನು ಉಪ್ಪಿನಕಾಯಿ ಕಡಿಯುವುದನ್ನು ನಿಲ್ಲಿಸಿದ. "ಮೇಣ ಕರಗಿಸಿದ್ದು ನೀನು, ಕಿವಿ ಹೋದದ್ದು ಅಪ್ಪಂದಾ? ಚೆನ್ನಾಗಿದೆ."

"ಮುಚ್ಚಳ ಬಿದ್ರೂ ತಿರುಗಲಿಲ್ಲ ಕಣ್ರೀ."

"ಅಂದ್ರೆ ಪರೀಕ್ಷೆ ಬೇರೆ ಮಾಡ್ತಿದ್ದೀಯ! ಅಷ್ಟಕ್ಕೂ ಸ್ವರ ಸರಿ ಇದೆಯೋ ಇಲ್ವೋ ಅಂತ ನಿಂಗೆ ಹೇಗೆ ಗೊತ್ತು? ಯಾರು ಹೇಳಿಕೊಟ್ರು?" ಅವನ ಕಣ್ಣಲ್ಲಿ ಹೊಸದೊಂದು ಅನುಮಾನ ಹುಟ್ಟಿತು. "ಊದಿ ನೋಡ್ತೀಯಾ ಏನು, ಯಾರೂ ಇಲ್ಲದಾಗ?"

ಹಿಸಾ ಗಂಜಿಯ ಸೌಟು ಕೆಳಗಿಟ್ಟಳು. ಇನ್ನು ಇವನ ಹತ್ತಿರ ಆಡುವ ಒಂದೊಂದು ಮಾತೂ ತನ್ನ ಕೊರಳಿಗೇ ಬರುತ್ತದೆ ಎಂದು ಅರ್ಥವಾಯಿತು.

ಸೇವೆಯ ದಿನ ಬೆಳಗ್ಗೆ ತೊಮೆ ಸೇವೆಯ ಹೂ ಅಣಿಮಾಡಲು, ನೊರಿಕಾಗೆ ದೇಗುಲಕ್ಕೆ ಹೋದರು. ಮಾವ ಶೋ ಹಿಡಿದು ಅಗ್ಗಿಷ್ಟಿಕೆಯ ಮುಂದೆ ಕೂತ. ಊದಲಿಲ್ಲ.

"ಮುಚ್ಚಳ ಬೀಳಿಸಿದ್ದು ಗೊತ್ತಾಯ್ತಮ್ಮ," ಎಂದ. "ಕೇಳಿಸ್ಲಿಲ್ಲ. ನೆಲ ನಡುಗಿದ್ದು ಗೊತ್ತಾಯ್ತು."

ಹಿಸಾ ಬಾಯಿ ತೆರೆದಳು. ಅವನು ಕೈಯೆತ್ತಿ ತಡೆದ. "ಮಾತಾಡ್ಬೇಡ, ನನಗೆ ಅರ್ಧ ತಿಳಿಯೋದಿಲ್ಲ. ನಾನು ಹೇಳ್ತೀನಿ, ಕೇಳು. ಒಬ್ಬಳೇ ಕೂತು ಊದಿ ನೋಡು. ನಾನೇ ಹೇಳ್ತಿದ್ದೀನಿ, ಬಾಯಿ ಹಚ್ಚು. ಸ್ವರ ಏರಿದ್ರೆ ಕೊಳವೆಯ ಮೇಲ್ಗಡೆ, ಇಳಿದಿದ್ರೆ ಕೆಳಗಡೆ, ಒಂದು ಮಸಿ ಬೊಟ್ಟಿಡು. ಮೇಣ ಎಷ್ಟು ಅನ್ನೋದು ನನ್ನ ಬೆರಳಿಗೆ ಗೊತ್ತು. ಬೊಟ್ಟನ್ನ ನಾನು ಒರೆಸಿಬಿಡ್ತೀನಿ, ಯಾರಿಗೂ ಕಾಣೋದಿಲ್ಲ. ಬೆಂಕಿ ಸರಿಯಾಗಿದೆ ಅಂತ ನಿಮ್ಮ ಅತ್ತೆಗೂ ಹೇಳ್ತೀನಿ. ನೀನು ಎಲ್ಲಿಗೂ ಹೋಗೋದು ಬೇಡ. ನಾನು ಇರೋವರೆಗೂ ಹೀಗೇ ನಡೀಲಿ."

ಇಷ್ಟು ವರ್ಷಗಳಲ್ಲಿ ಅವನು ಅವಳ ಹತ್ತಿರ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಶೋವನ್ನು ಅವಳ ಮಡಿಲಿಗಿಟ್ಟು, ಬಾಗಿಲು ಸರಿಸಿ ಜಗಲಿಗೆ ಹೋದ.

ಹಿಸಾ ವಾದ್ಯಕ್ಕೆ ಬಾಯಿ ಹಚ್ಚಿದಳು. ತುಟಿಗೆ ತಾಗಿದ ಬಿಸುಪು ಅವಳೇ ಕೊಟ್ಟ ಬಿಸುಪು. ಊದಿದಳು, ಉಸಿರು ಒಳಗೆಳೆದಳು, ಒಂದೊಂದೇ ರಂಧ್ರಕ್ಕೆ ಬೆರಳಿಟ್ಟು ಕೇಳಿದಳು. ಮೂರು ಕೊಳವೆ ತಪ್ಪಿದ್ದವು, ಎರಡು ಇಳಿದು, ಒಂದು ಏರಿ. ಅದರಲ್ಲಿ ಏನೂ ಸಂದೇಹವಿರಲಿಲ್ಲ.

ಸಂದೇಹವೆಲ್ಲ ಬೊಟ್ಟಿನ ಮೇಲೆ. ಇವತ್ತು ಒರೆಸಿಹೋಗುವ ಬೊಟ್ಟು ನಾಳೆಯೂ ಬೇಕಾಗುತ್ತದೆ, ನಾಡಿದ್ದೂ. ಗಂಜಿ, ಪೀಪಿ, ನೆರಿಗೆ, ನೆಲ, ಆಮೇಲೆ ಮಾವನ ಕಿವಿ. ಒಂದು ದಿನ ಬೊಟ್ಟು ಅವನ ಕಣ್ಣಿಗೂ ಕಾಣದೆ ಹೋದರೆ? ಅವತ್ತೂ ಬೆಂಕಿಯದೇ ತಪ್ಪು. ಅವನ ಮಾತು ಸುಳ್ಳಿರಲಿಕ್ಕಿಲ್ಲ. ಆದರೆ ಆ ಮಾತಿಗೆ ಸಾಕ್ಷಿ ಯಾರು? ಒರೆಸಿದ ಮಸಿಯೇ? ಬೊಟ್ಟಿಡದೆ ಸುಮ್ಮನಿದ್ದರೆ ಸೇವೆಯಲ್ಲಿ ಸ್ವರ ಕೆಡುತ್ತದೆ, ಸಂಜೆಗೆ ಮಿವಾದ ದಾರಿ. ಹಾಗೆಂದು ಕೆಟ್ಟ ಸ್ವರವನ್ನು ದೇವರ ಮುಂದೆ ಬಿಡುವುದೂ ಅವಳಿಂದ ಆಗದು.

ಮಸಿಗೆ ಚಾಚಿದ ಬೆರಳನ್ನು ಅವಳು ಹಿಂದಕ್ಕೆ ತೆಗೆದಳು. ಎದ್ದು ಹೋಗಿ ಹೊಲಿಗೆಯ ಬುಟ್ಟಿಯಿಂದ ಕೆಂಪು ದಾರದ ಉಂಡೆ ತಂದಳು. ಸ್ವರ ಇಳಿದ ಮೊದಲ ಕೊಳವೆಯ ಕೆಳಭಾಗಕ್ಕೆ ದಾರ ಸುತ್ತಿ, ಬಿಚ್ಚಲಾಗದ ಗಂಟು ಹಾಕಿದಳು. ಕತ್ತರಿಸದೆ ಅದು ಹೋಗುವಂತಿರಲಿಲ್ಲ. ಕತ್ತರಿಸಲು ಕತ್ತರಿ ಬೇಕೆಂದು ಮಾವ ಅವಳನ್ನೇ ಕೇಳಬೇಕು. ಕೇಳದೆ ಹಾಗೇ ಕೊಂಡುಹೋದರೆ ವೇದಿಕೆಯ ಮೇಲೆ ಪಕ್ಕದಲ್ಲಿ ಕೂತವರ ಕಣ್ಣಿಗೆ ಬೀಳುತ್ತದೆ. ಇದನ್ನು ಕಟ್ಟಿದವರು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ಮಾವ ಸಿಟ್ಟಾಗಬಹುದು. ಮಿವಾಗೇ ಹೋಗಬೇಕಾಗಿ ಬರಬಹುದು.

ಜಗಲಿಯಲ್ಲಿ ಹಲಗೆ ಕಿರುಗುಟ್ಟಿತು, ಮಾವ ಎದ್ದಿರಬೇಕು. ಹಿಸಾ ದಾರವನ್ನು ಹಲ್ಲಿನಿಂದ ಕಡಿದು, ಎರಡನೆಯ ಕೊಳವೆಗೆ ಸುತ್ತತೊಡಗಿದಳು.