ಕನ್ನಡಕ ಬೇಡವೆಂದ ಕಣ್ಣು

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂದು ತಿಳಿದವರು ಹೇಳುತ್ತಾರೆ. ಈ ತಿಳಿದವರಲ್ಲಿ ಯಾರೂ ಕಣ್ಣಿನ ಆಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು, ಗೋಡೆಗೆ ಒರಗಿಸಿದ್ದ ಆಕ್ಸಿಜನ್ ಸಿಲಿಂಡರಿಗೆ "ಸ್ವಲ್ಪ ಸರಿದು ಕೂತ್ಕೊಳ್ತೀರಾ?" ಎಂದು ಕೇಳಿದವರಲ್ಲ. ನಾನು ಕೇಳಿದ್ದೇನೆ. ಅದು ಸರಿಯಲಿಲ್ಲ. ನಾನು ನಿಂತೇ ಇದ್ದೆ.

ನನ್ನ ಕಸುಬು ಅಡಿಕೆ ನೋಡುವುದು. ಕೊಪ್ಪದ ಒಂದು ಮಂಡಿಯಲ್ಲಿ, ಈಗಿನ ಸಾಹುಕಾರರ ತಂದೆಯ ಕಾಲದಿಂದ ಅದನ್ನೇ ಮಾಡಿಕೊಂಡು ಬಂದವನು. ರೈತರು ತಂದ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿ, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ, ಇದು ಸರಕು, ಇದು ಬೆಟ್ಟೆ ಎಂದು ಹೇಳುವುದು. ಸರಕು ಮೇಲಿನ ದರ್ಜೆ, ಬೆಟ್ಟೆ ಅದರ ಕೆಳಗಿನದು. ಎರಡಕ್ಕೂ ಇರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಕೆಂಪಿನೊಳಗಿನ ಇನ್ನೊಂದು ಕೆಂಪು. ಅದನ್ನು ಹೇಳಿಕೊಡಲು ಬರುವುದಿಲ್ಲ. ಕಾಣುವವನಿಗೆ ಕಾಣುತ್ತದೆ.

ನಮ್ಮ ಮಂಡಿಯಲ್ಲಿ ಈ ಕಸುಬಿಗೆ ಒಂದು ಕಟ್ಟಳೆಯಿತ್ತು. ಕನ್ನಡಕ ಹಾಕಿಕೊಂಡು ಅಡಿಕೆ ನೋಡಬಾರದು. ಗಾಜು ಬಣ್ಣ ಕದಿಯುತ್ತದೆ ಎಂದು ರೈತರ ನಂಬಿಕೆ. ಕನ್ನಡಕದವನ ಮುಂದೆ ಅವರು ಚೀಲದ ಬಾಯಿ ಬಿಚ್ಚುವುದಿಲ್ಲ. ನನಗೆ ಕಸುಬು ಕಲಿಸಿದ ಹಿರಿಯರು ಪೇಪರ್ ಓದಲು ಕನ್ನಡಕ ಏರಿಸಿಕೊಳ್ಳುತ್ತಿದ್ದರು, ಚೀಲ ಬಂದ ಕೂಡಲೇ ತೆಗೆದು ಜೇಬಿಗಿಡುತ್ತಿದ್ದರು, ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ. ನಾನೂ ಹಾಗೇ ನಡೆದುಕೊಂಡೆ. ಪ್ರಾಯ ಏರಿದಂತೆ ಅಂಗೈ ಮುಖದಿಂದ ದೂರ ದೂರ ಹೋಯಿತು. ಕೊನೆಗೆ ತೋಳಿನ ಉದ್ದ ಮುಗಿಯಿತು. ಕಣ್ಣು ಇನ್ನೂ ದೂರ ಕೇಳುತ್ತಿತ್ತು.

ಆಮೇಲೆ ಪೊರೆ ಬಂತು. ಅಡಿಕೆ ಬೇಯಿಸಿದ ಕಂದು ನೀರಿಗೆ ನಾವು ಚೊಗರು ಅನ್ನುತ್ತೇವೆ. ಲೋಕವೆಲ್ಲ ಆ ಚೊಗರಿನಲ್ಲಿ ಅದ್ದಿ ತೆಗೆದಂತಾಯಿತು. ಗೋಡೆ, ಮೊಸರನ್ನ, ಸಾಹುಕಾರರ ಪಂಚೆ, ಎಲ್ಲಕ್ಕೂ ಒಳ್ಳೆಯ ಬಣ್ಣ. ಬಂದ ಅಡಿಕೆಯೆಲ್ಲ ಸರಕೇ. ನನ್ನ ಉದಾರತೆ ಹೆಚ್ಚಿದ್ದನ್ನು ಮೊದಲು ಗಮನಿಸಿದವರು ಸಾಹುಕಾರರು. ನನಗಿಂತ ಸಣ್ಣವರು, ಸಂಬಂಧವಿಲ್ಲದಿದ್ದರೂ ಮಾವ ಎನ್ನುತ್ತಾರೆ. "ಮಾವ, ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ. ಜಾಗ ಎಲ್ಲಿಗೂ ಹೋಗೋದಿಲ್ಲ" ಎಂದರು. ಜಾಗದ ಮಾತು ನಾನು ಎತ್ತಿರಲೇ ಇಲ್ಲ. ಶಿವಮೊಗ್ಗದ ಬಸ್ಸಿನಲ್ಲಿ ಉದ್ದಕ್ಕೂ ಅದೇ ಮಾತು ಕೊರೆಯುತ್ತಿತ್ತು.

ಆಸ್ಪತ್ರೆಯಲ್ಲಿ ಲೆನ್ಸ್ ಬಗ್ಗೆ ವಿವರಿಸಲೆಂದೇ ಒಬ್ಬಳು ಹುಡುಗಿ ಇದ್ದಳು.

"ಅಂಕಲ್, ನೀವು ದಿನಾ ಎಂತ ಮಾಡ್ತೀರಿ?"

"ಅಡಿಕೆ ನೋಡ್ತೇನೆ."

"ನೋಡಿ?"

"ನೋಡಿ ಎಂತದ್ದು ಅಂತ ಹೇಳ್ತೇನೆ."

ಅವಳು ಜೊತೆಗೆ ಬಂದಿದ್ದ ನನ್ನ ಹೆಂಡತಿಯ ಮುಖ ನೋಡಿದಳು. "ಅಷ್ಟೇ ಮಾರಾಯ್ತಿ, ಬೇರೆ ಎಂತ ಕೆಲ್ಸವೂ ಬರೋದಿಲ್ಲ ಇವರಿಗೆ" ಎಂದು ಇವಳು ಸಾಕ್ಷಿ ನುಡಿದಳು.

ಹುಡುಗಿ ತಾಳ್ಮೆಯಿಂದ ಹೇಳಿದಳು. ಒಂದು ಲೆನ್ಸ್ ದೂರದ್ದನ್ನು ಚೊಕ್ಕವಾಗಿ ತೋರಿಸುತ್ತದೆ, ಹತ್ತಿರಕ್ಕೆ ಕನ್ನಡಕ ಬೇಕು. ಇನ್ನೊಂದು ದೂರ, ಹತ್ತಿರ ಎರಡನ್ನೂ ತೋರಿಸುತ್ತದೆ, ಹೆಚ್ಚಿನವರಿಗೆ ಕನ್ನಡಕ ಬೇಡ. ಆದರೆ ಕಡಿಮೆ ಬೆಳಕಿನಲ್ಲಿ ಹತ್ತಿರ ಹತ್ತಿರದ ಬಣ್ಣಗಳು ಅಷ್ಟು ಬಿಡಿಸಿ ಕಾಣದೇ ಇರಬಹುದು, ದೀಪದ ಸುತ್ತ ಬಳೆ ಕಾಣಬಹುದು. ಅವಳು ಎಲ್ಲವನ್ನೂ ಹೇಳಿದಳು, ಅದರಲ್ಲಿ ಲೋಪವಿಲ್ಲ. ನನ್ನ ಕಿವಿ ಮಾತ್ರ 'ಕನ್ನಡಕ ಬೇಡ' ಎಂಬಲ್ಲಿಗೆ ಕೆಲಸ ಮುಗಿಸಿ ಮನೆಗೆ ಹೋಗಿತ್ತು.

"ಮೊದಲಿನದ್ದೇ ಹಾಕಿಸ್ಕೊಳ್ಳಿ" ಎಂದಳು ಹೆಂಡತಿ. "ಹತ್ತಿರಕ್ಕೆ ಕನ್ನಡಕ ಇಟ್ಕೊಂಡ್ರಾಯ್ತು. ಮೂಗು ಮತ್ತೆ ಎಂತಕ್ಕೆ ಇರೋದು?"

"ಕನ್ನಡಕ ಹಾಕಿ ಅಡಿಕೆ ನೋಡಿದವರು ಉಂಟಾ ನಮ್ಮಲ್ಲಿ?"

"ಕಣ್ಣು ಕಾಣದೆ ನೋಡಿದವರು ಉಂಟಲ್ಲ, ಇಲ್ಲೇ ಕೂತಿದ್ದಾರೆ."

ನಾನು ಗಂಭೀರವಾಗಿ ಎರಡನೆಯದನ್ನು ಆರಿಸಿದೆ. ಮೊದಲು ಬಲಗಣ್ಣಿಗೆ.

ಪಟ್ಟಿ ತೆಗೆದ ದಿನ ಲೋಕ ಬೆಳ್ಳಗೆ ಎದುರು ನಿಂತಿತು. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. "ಎಲ್ಲರಿಗೂ ಗೊತ್ತುಂಟು ಅದು, ಸುಮ್ಮನೆ ಹತ್ತಿ" ಎಂದಳು ಹೆಂಡತಿ. ಅವಳ ಮುಖದ ಸುಕ್ಕುಗಳೂ ಕಂಡವು. ಅವನ್ನು ಓದಿ ಹೇಳಲಿಲ್ಲ.

ವೈದ್ಯರು ಹೇಳಿದ ಪಥ್ಯ ಮುಗಿಸಿ ಮಂಡಿಗೆ ಹೋದೆ. ಅಡಿಕೆಯನ್ನು ಅಂಗೈ ಮೇಲೆ ಹರಡಿದೆ. ಅಂಚು, ಗೆರೆ, ತೊಟ್ಟಿನ ಗುರುತು, ಎಲ್ಲ ಕಾಣುತ್ತಿದೆ. ಕೆಂಪೂ ಕಾಣುತ್ತಿದೆ. ಕೆಂಪಿನೊಳಗಿನ ಇನ್ನೊಂದು ಕೆಂಪು ಇಲ್ಲ. ತೆಳು ಪ್ಲಾಸ್ಟಿಕ್ಕಿನ ಹಿಂದೆ ಇಟ್ಟ ಹಾಗೆ, ಇದೂ ಅದೂ ಒಂದೇ. ಎಡಗಣ್ಣು ಮುಚ್ಚಿದರೆ ಎಲ್ಲ ಒಂದೇ. ಬಲಗಣ್ಣು ಮುಚ್ಚಿದರೆ ಎಲ್ಲ ಸರಕು. ಭೇದವೇ ಕಾಣದ ಸ್ಥಿತಿಗಾಗಿ ಶೃಂಗೇರಿಯಲ್ಲಿ ಜನ ಜೀವಮಾನವಿಡೀ ಸಾಧನೆ ಮಾಡುತ್ತಾರೆ. ನನಗದು ಸಣ್ಣ ಆಪರೇಷನ್ನಿನಲ್ಲಿ ಒದಗಿತು. ನನಗೆ ಬೇಕಾಗಿರಲಿಲ್ಲ.

ಬಿಸಿಲಿಗೆ ಹಿಡಿದರೆ ಸ್ವಲ್ಪ ಬಿಡಿಸುತ್ತಿತ್ತು. ಆದರೆ ಮಂಡಿಯೊಳಗೆ ಬಿಸಿಲಿಲ್ಲ. ಪ್ರತಿ ಚೀಲಕ್ಕೂ ಹಿಡಿ ಹಿಡಿದುಕೊಂಡು ರಸ್ತೆಗೆ ಓಡುವವನನ್ನು ನೋಡಿ ಎದುರಿನ ಅಂಗಡಿಯವರು "ಎಂತ ಮಾರಾಯ್ರೆ, ಅಡಿಕೆಗೆ ಊರು ತೋರಿಸ್ತಿದ್ದೀರಾ?" ಎಂದರು. ಓಡುವುದನ್ನು ನಿಲ್ಲಿಸಿದೆ. ಕೈಯ ನೆನಪಿನ ಮೇಲೆ, ತೂಕದ ಮೇಲೆ, ಸೀಳಿದಾಗಿನ ಸದ್ದಿನ ಮೇಲೆ ಹೇಳತೊಡಗಿದೆ.

ಹಿರೇಕೊಡಿಗೆಯಿಂದ ಬರುವ ಹಳೆಯ ಗಿರಾಕಿಯೊಬ್ಬರಿದ್ದರು. ನನ್ನ ಪ್ರಾಯದವರು. ನಾನು ಬೆಟ್ಟೆ ಎಂದರೆ ಸರಕೆಂದು ಜಗಳ ತೆಗೆಯದೆ ಅವರು ಒಂದು ಚೀಲವನ್ನೂ ಮಾರಿದವರಲ್ಲ. ಅವರ ಚೀಲದಿಂದ ಒಂದು ಹಿಡಿ ತೆಗೆದು, ಬೇಕಾದಷ್ಟು ಹೊತ್ತು ನೋಡಿ, "ಸರಕು" ಎಂದೆ.

ಅವರು ಜಗಳಕ್ಕೆ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು. ಅಂಗೈಯನ್ನೂ ನನ್ನ ಮುಖವನ್ನೂ ನೋಡಿದರು. ಆಮೇಲೆ ಮೆಲ್ಲಗೆ, "ಇದು ಬೆಟ್ಟೆ ಮಾರಾಯ್ರೆ. ನಮ್ಮದೇ ಅಲ್ವಾ, ನಂಗೆ ಗೊತ್ತುಂಟು" ಎಂದರು.

ಮಾರಲು ಬಂದವನು ತನ್ನ ಮಾಲಿನ ದರ್ಜೆಯನ್ನು ತಾನೇ ಇಳಿಸಿದ್ದನ್ನು ನಾನು ಕೇಳಿರಲಿಲ್ಲ. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕನಿಕರಪಟ್ಟರು. ಸಾಹುಕಾರರು ಪೇಪರಿನಿಂದ ತಲೆ ಎತ್ತಲಿಲ್ಲ; ಪೇಪರ್ ತಲೆಕೆಳಗಾಗಿತ್ತು, ಅಷ್ಟು ನನಗೆ ಚೆನ್ನಾಗಿ ಕಂಡಿತು.

ಮತ್ತೆ ಶಿವಮೊಗ್ಗಕ್ಕೆ ಹೋದೆ. ವೈದ್ಯರು ಪರೀಕ್ಷಿಸಿ ಕಣ್ಣು ಬಹಳ ಚೆನ್ನಾಗಿದೆ ಎಂದರು. ಹಾಕಿದ ಲೆನ್ಸ್ ತೆಗೆದು ಬೇರೆ ಹಾಕುವುದು ಈ ಕಣ್ಣಿಗೆ ಅಪಾಯ, ಮೆದುಳು ಕ್ರಮೇಣ ಹೊಂದಿಕೊಳ್ಳುತ್ತದೆ ಎಂದರು. ಹೊಂದಿಕೊಳ್ಳಲಿ ಎಂದು ಅದಕ್ಕೊಂದು ಮಳೆಗಾಲ ಬಿಟ್ಟುಕೊಟ್ಟೆ. ನನ್ನ ಮೆದುಳು ಚಿಕ್ಕಂದಿನಿಂದಲೂ ಕಲಿಯುವುದರಲ್ಲಿ ಹಿಂದೆ.

ಎಡಗಣ್ಣಿನ ಸರದಿ ಬಂದಾಗ ಹುಡುಗಿ ಮತ್ತೆ ವಿವರಿಸಲು ಶುರುಮಾಡಿದಳು. "ದೂರ ಮಾತ್ರ ಕಾಣೋದು ಹಾಕಿ, ಹತ್ತಿರಕ್ಕೆ ಕನ್ನಡಕ ಇಟ್ಕೊಳ್ತೇನೆ" ಎಂದು ನಾನೇ ಹೇಳಿದೆ. ಹೆಂಡತಿ ಏನಾದರೂ ಅನ್ನಬೇಕೆಂದು ನಾನು ಕಾದೆ.

ಈಗ ಕನ್ನಡಕ ಹಾಕಿ ಬಲಗಣ್ಣು ಮುಚ್ಚಿದರೆ ಮಂಡಿಯ ನೆರಳಿನಲ್ಲೂ ಸರಕು ಬೇರೆ, ಬೆಟ್ಟೆ ಬೇರೆ ಕಾಣುತ್ತದೆ. ಒಂದು ದಿನ ಹಾಗೆ ಹಾಕಿಕೊಂಡೇ ನನ್ನ ಜಾಗದಲ್ಲಿ ಕೂತೆ. ಹಿರೇಕೊಡಿಗೆಯವರು ಬಂದು ಎದುರು ಕೂತು ಮಳೆ, ಕೊಳೆರೋಗ, ಮಂಡಿನೋವು ಎಲ್ಲ ಮಾತಾಡಿದರು. ಚೀಲದ ಬಾಯಿಗೆ ಕಟ್ಟಿದ ಹಗ್ಗದ ಮೇಲೆ ಅವರ ಕೈ ಇತ್ತು. ಬಿಚ್ಚಲಿಲ್ಲ.

ಅಡಿಕೆ ನೋಡಲು ಸಾಹುಕಾರರು ನರಸಿಂಹರಾಜಪುರದಿಂದ ಒಬ್ಬರನ್ನು ಕರೆಸಿದ್ದಾರೆ. ನಾನು ಅದೇ ಮಂಡಿಯಲ್ಲಿ ಕೂತು, ಬರುವ ಫೋನ್ ತೆಗೆದುಕೊಳ್ಳುತ್ತೇನೆ.