ಟೀಚರ್ ಕಾರಿನ ಜಾಗ

ಬೆಳಕು ಹರಿಯುವ ಮುನ್ನ ಅತ್ತಿಗೆ ಹಾಲು ಒಳಗೆ ತರಬೇಕು, ಸ್ನಾನಕ್ಕೆ ನೀರು ಕಾಯಲಿಡಬೇಕು, ಅತ್ತೆಯ ಮಂಡಿಗೆ ಹಚ್ಚುವ ಎಣ್ಣೆ ಬೆಚ್ಚಗೆ ಮಾಡಬೇಕು, ಗಂಡನ ಅಂಗಿಗೆ ಇಸ್ತ್ರಿ ಹಾಕಬೇಕು, ಮೈದುನ ಬ್ಯಾಗಿನಲ್ಲೇ ಮರೆತ ನಿನ್ನೆಯ ಊಟದ ಡಬ್ಬಿಯನ್ನು ಹುಡುಕಿ ತೆಗೆದು, ಮೂಗು ಮುಚ್ಚಿಕೊಂಡು ತೊಳೆಯಬೇಕು. ಇಷ್ಟಾದ ಮೇಲೆ ಬೀದಿಗಿಳಿದು ಕಾರುಗಳ ಬದಿ ಬದಲಿಸಬೇಕು.

ಒಂದು ಗಂಡನ ಕಾರು, ಉಳಿದವು ನೆರೆಯವರವು. ಕಡಲಿಗೆ ಮೈಯೊಡ್ಡಿದ ಆ ಬೀದಿಯಲ್ಲಿ ರಾತ್ರಿಯೆಲ್ಲ ಮರಳು ಹಾರಿ ಬಂದು ಬೀಳುತ್ತದೆ. ಅದನ್ನು ಗುಡಿಸುವ ಲಾರಿ ಒಂದು ದಿನ ಕಡಲ ಬದಿಯಲ್ಲಿ ಬಂದರೆ ಮರುದಿನ ಮನೆಗಳ ಬದಿಯಲ್ಲಿ. ಪ್ರತಿ ಮನೆಗೂ ರಸ್ತೆಯ ಎರಡೂ ಬದಿಯಲ್ಲಿ ಎದುರುಬದುರಾಗಿ ಕಾರು ನಿಲ್ಲಿಸುವ ಒಂದೊಂದು ಚೌಕ ಬರೆದಿದ್ದಾರೆ. ಲಾರಿ ಬರುವ ಬದಿಯ ಚೌಕ ಖಾಲಿ ಇರಬೇಕು, ಇಲ್ಲದಿದ್ದರೆ ದಂಡ. ಮೊದಲು ಪಕ್ಕದ ಮನೆಯ ಹಲ್ಲಿನ ಡಾಕ್ಟರು, "ನೀವು ಹೇಗೂ ಎದ್ದಿರ್ತೀರಲ್ಲ ಅತ್ತಿಗೆ" ಎಂದು ಕೀಲಿ ಕೊಟ್ಟರು. ಆಮೇಲೆ ಆಚೆ ಮನೆಯವರು, ಮಹಡಿಯವರು. ಮೈದುನ ಕರೆಯುವುದನ್ನು ಕೇಳಿ ಬೀದಿಯೇ ಅವಳನ್ನು ಅತ್ತಿಗೆ ಅನ್ನುತ್ತಿತ್ತು. ಅತ್ತಿಗೆ ಅಂದ ಮೇಲೆ ಕೆಲಸ ಹೇಳುವುದಕ್ಕೆ ಮುಲಾಜೇನು? ಅವಳ ಸೊಂಟದಲ್ಲಿ ಕೀಲಿಗಳ ಗೊಂಚಲು ಜೋತುಬಿತ್ತು. ಗಂಡ ಅದನ್ನು ಹೆಂಡತಿಯ ಹವ್ಯಾಸ ಎಂದೇ ತಿಳಿದಿದ್ದ.

ಗೊಂಚಲಿನಲ್ಲಿ ಅವಳು ಕೇಳಿ ಪಡೆದ ಕೀಲಿ ಒಂದೇ, ಕಡೇ ಮನೆಯ ಟೀಚರದು. ಒಂಟಿ ಹೆಂಗಸು, ಗಿಡ್ಡ ಆಳು. ಸ್ಟೀರಿಂಗಿಗೆ ಎದೆ ತಾಗುವಷ್ಟು ಸೀಟು ಮುಂದಕ್ಕೆಳೆದು ಕೂರುತ್ತಿದ್ದರು. ಅತ್ತಿಗೆಗೆ ಕಾರು ಓಡಿಸಲು ಕಲಿಸಿದವರು ಅವರೇ. "ಹೆದರ್ಬೇಡ್ವೇ, ದಿನಾ ಒಲೆ ಮುಂದೆ ನಿಲ್ತೀಯಲ್ಲ, ಅಷ್ಟು ಅಪಾಯ ಇದ್ರಲ್ಲಿಲ್ಲ" ಎಂದು ನಗುತ್ತಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಹಿಂದೆ ಮುಂದೆ ಯಾರೂ ಇರಲಿಲ್ಲ. ಮನೆಗೆ ಬೀಗ ಬಿತ್ತು, ಕಾರು ಉಳಿಯಿತು. ಅತ್ತಿಗೆ ಅದನ್ನು ಸರಿಸುತ್ತಲೇ ಇದ್ದಳು. ಎಲ್ಲ ಕಾರುಗಳಾದ ಮೇಲೆ ಕೊನೆಗೆ ಅದನ್ನು ಸರಿಸಿ, ಎಂಜಿನ್ ಆರಿಸಿ, ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಒಳಗಿನಿಂದ ಚಿಲಕ ಹಾಕಿಕೊಂಡರೆ ಯಾರೂ "ಎಲ್ಲಿದ್ದೀಯೇ?" ಎಂದು ಕೂಗದ ಜಾಗ ಅವಳ ಪಾಲಿಗೆ ಅದೊಂದೇ ಇತ್ತು. ಬಚ್ಚಲಿನಲ್ಲೂ ಕೂಗುತ್ತಿದ್ದರು.

ಹೀಗಿರುವಾಗ ಮೈದುನ ಕಾರು ಕೊಂಡ. ನಿಲ್ಲಿಸಲು ಚೌಕವಿಲ್ಲ. ಯಾರಾದರೂ ಕಳೆದುಕೊಂಡರೆ ಮಾತ್ರ ಇನ್ನೊಬ್ಬರಿಗೆ. ಸೀಟಿ ಊದಿಕೊಂಡು ಬೀದಿಯ ಪಾರ್ಕಿಂಗ್ ನೋಡಿಕೊಳ್ಳುವ, ಎಲ್ಲರೂ ಸೀಟಿ ಸಾರ್ ಎನ್ನುವ ಮನುಷ್ಯನನ್ನು ಬಾಗಿಲಿಗೇ ಕರೆತಂದ.

"ಟೀಚರ್ ಸತ್ತು ಎಷ್ಟು ಕಾಲ ಆಯ್ತು, ಇನ್ನೂ ಅವ್ರ ಜಾಗ ಅವ್ರಿಗೇ ಅಂದ್ರೆ ಏನ್ ಸಾರ್ ನ್ಯಾಯ?"

"ಸತ್ತೋರು ಬದುಕಿರೋರು ನಮ್ಗೆ ಸಂಬಂಧ ಇಲ್ಲಪ್ಪ," ಎಂದ ಸೀಟಿ ಸಾರ್. "ಕಾರು ಕದಲ್ತಾ ಇದ್ಯಾ, ಅಷ್ಟೇ ನಮ್ಗೆ. ಟೈರಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕ್ತೀನಿ. ಮೂರು ದಿನ ಗೆರೆ ಇದ್ದಲ್ಲೇ ಇದ್ರೆ ಕಾರು ಎತ್ಕೊಂಡು ಹೋಗ್ತಾರೆ. ಜಾಗ ನಿಂದು."

ಅವನು ಹೋದ ಮೇಲೆ ಮೈದುನ ಅತ್ತಿಗೆಯ ಕಡೆ ತಿರುಗಿದ. "ಮೂರು ದಿನ ಅದನ್ನ ಮುಟ್ಬೇಡಿ ಅತ್ತಿಗೆ. ಏನೂ ಮಾಡ್ಬೇಡಿ ಅಂತ ತಾನೆ ನಾನು ಕೇಳ್ತಿರೋದು?"

"ಈ ಮನೆಗೆ ಬಂದ ಮೇಲೆ ಅವಳಿಗೆ ಏನೂ ಮಾಡ್ಬೇಡ ಅಂತ ಯಾರಾದ್ರೂ ಅಂದಿದ್ದು ಇದೇ ಮೊದ್ಲು ಕಣೋ," ಎಂದರು ಅತ್ತೆ. ಎಲ್ಲರೂ ನಕ್ಕರು. ಸತ್ತವರ ಕಾರಿನಲ್ಲಿ ಹೋಗಿ ಕೂರುತ್ತೇನೆ, ಅದು ಹೋದರೆ ನನಗೆ ಉಸಿರಾಡಲು ಜಾಗವಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಅತ್ತಿಗೆ ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಉಳಿದ ಕಾರುಗಳನ್ನು ಸರಿಸಿ, ಟೀಚರ್ ಕಾರಿನ ಕಡೆ ನೋಡಬಾರದೆಂದುಕೊಂಡೇ ನೋಡಿದಳು. ಅದು ಆಗಲೇ ಆಚೆ ಬದಿಯ ಚೌಕದಲ್ಲಿತ್ತು. ಟೈರಿನ ಬಿಳಿ ಗೆರೆ ಉರುಳಿ ತಲೆಕೆಳಗಾಗಿತ್ತು. ಸೊಂಟ ಮುಟ್ಟಿ ನೋಡಿಕೊಂಡಳು. ಕೀಲಿ ಗೊಂಚಲಿನಲ್ಲೇ ಇತ್ತು.

ಎರಡನೆಯ ದಿನ ಮೊದಲು ಅಲ್ಲಿಗೇ ಹೋದಳು. ಕಾರು ತೆಪ್ಪಗೆ ನಿಂತಿತ್ತು. ಡಾಕ್ಟರ ಕಾರನ್ನು ತಿರುಗಿಸುವಾಗ ಕನ್ನಡಿಯಲ್ಲಿ ಕಣ್ಣಾಡಿಸಿದರೆ ಚೌಕ ಖಾಲಿ. ಎಂಜಿನ್ ಸದ್ದು ಕೇಳಿರಲಿಲ್ಲ. ಹತ್ತಿರ ಹೋಗಿ ನೋಡಿದಳು. ರಸ್ತೆಯ ಹೊಸ ಮರಳಿನಲ್ಲಿ ಚಕ್ರದ ಗುರುತು ಈ ಬದಿಯಿಂದ ಆ ಬದಿಗೆ ಅಚ್ಚುಕಟ್ಟಾಗಿ ಸಾಗಿತ್ತು. ಬಾಗಿಲ ಬಳಿ ಹೆಜ್ಜೆ ಗುರುತು ಒಂದೂ ಇರಲಿಲ್ಲ. ಗಾಜು ಒಳಗಿನಿಂದ ಮಂಜುಗಟ್ಟಿತ್ತು, ಮುಚ್ಚಿದ ಕೋಣೆಯಲ್ಲಿ ಯಾರೋ ಇರುಳಿಡೀ ಉಸಿರಾಡಿದ ಹಾಗೆ. ಅಲ್ಲೊಂದು ಕಡೆ ಅಂಗೈಯಗಲ ಒರೆಸಿತ್ತು. ಅದರಿಂದ ಇಣುಕಿದರೆ, ಅವಳು ತನ್ನ ಅಳತೆಗೆ ಹಿಂದಕ್ಕೆ ತಳ್ಳಿಟ್ಟಿದ್ದ ಸೀಟು ಸ್ಟೀರಿಂಗಿಗೆ ಅಂಟಿಕೊಂಡಿತ್ತು. ಹೆದರಿದರೂ ಅತ್ತಿಗೆ ಅಲ್ಲಿಂದ ಬೇಗ ಕಾಲು ಕೀಳಲಿಲ್ಲ.

"ನೀವೇ ಕದ್ದು ಸರಿಸ್ತಿದ್ದೀರ!" ಮನೆಯಲ್ಲಿ ಮೈದುನ ಹಾರಾಡಿದ.

"ನನ್ನಾಣೆ ಮುಟ್ಟಿಲ್ಲ ಕಣೋ. ಬೇಕಾದ್ರೆ ನಾಳೆ ನೀನೇ ಎದ್ದು ಕಾವಲು ಕೂರು."

"ಅಷ್ಟೊತ್ತಿಗಾ?" ಎಂದವನು ಸಂಜೆ ಪಾನಾ ಹಿಡಿದು ಹೋಗಿ, ಬಾನೆಟ್ ಎತ್ತಿ, ಬ್ಯಾಟರಿಯನ್ನೇ ಬಿಚ್ಚಿ ತಂದು ಬಾಗಿಲ ಮೂಲೆಯಲ್ಲಿಟ್ಟ. "ಈಗ ಅದ್ಹೇಗೆ ಕದಲತ್ತೋ ನೋಡೇಬಿಡ್ತೀನಿ. ನಾಳೆಯಿಂದ ಮತ್ತೆ ಮೂರು ದಿನ ಎಣಿಸಿದ್ರಾಯ್ತು." ಗಂಡ ಪೇಪರಿನಿಂದ ತಲೆ ಎತ್ತದೆ, "ಅದನ್ನ ಅಲ್ಲಿಡ್ಬೇಡ, ಅವಳು ಗುಡಿಸೋಕೆ ತೊಂದ್ರೆ" ಎಂದ. ಅವನ ಮಟ್ಟಿಗೆ ಅದು ದೊಡ್ಡ ಕಾಳಜಿಯೇ.

ಮರುದಿನ ನೀರು ಕಾಯಲಿಟ್ಟು ಅತ್ತಿಗೆ ಹೊರಬಂದಾಗ ಗಾಳಿ ಬಿದ್ದುಹೋಗಿತ್ತು. ಕಡಲು ಸದ್ದು ಅಡಗಿಸಿ ಕೂತಂತಿತ್ತು. ಅತ್ತೆಯ ಮಂಡಿನೋವು ಹೆಚ್ಚಾಗಿ ಎಣ್ಣೆ ತಿಕ್ಕುತ್ತ ಕೂತದ್ದರಿಂದ ತಡವಾಗಿತ್ತು. ಎಲ್ಲ ಕಾರುಗಳೂ ಇನ್ನೂ ತಪ್ಪು ಬದಿಯಲ್ಲೇ ಇದ್ದವು, ಟೀಚರದೂ. ಬೀದಿಯ ತುದಿಯಲ್ಲಿ ಗುಡಿಸುವ ಲಾರಿಯ ಹಳದಿ ದೀಪ ಸುತ್ತತೊಡಗಿತ್ತು.

ಡಾಕ್ಟರ ಕಾರಿನ ಬಳಿ ಹೋಗುವಷ್ಟರಲ್ಲಿ ಕಡೇ ಮನೆಯ ಕಡೆಯಿಂದ ಕಟಕಟ ಎಂದು ಹ್ಯಾಂಡ್‌ಬ್ರೇಕ್ ಇಳಿಸಿದ ಸದ್ದು ಬಂತು. ಅತ್ತಿಗೆ ತಿರುಗಿದಳು. ಟೀಚರ್ ಕಾರು ಒಂದು ಗೇಣು ಮುಂದೆ ಸರಿದು, ಅಲ್ಲೇ ನಿಂತು, ಮತ್ತೆ ಹಿಂದಕ್ಕೆ ಬಿತ್ತು. ಮತ್ತೆ ಒಂದು ಗೇಣು. ಮತ್ತೆ ಹಿಂದಕ್ಕೆ. ಮಂಜುಗಟ್ಟಿದ ಗಾಜಿನ ಹಿಂದೆ ಯಾರೂ ಕಾಣಲಿಲ್ಲ. ಒಬ್ಬರೇ ಭಾರದ ಕಪಾಟನ್ನು ಸರಿಸಲು ಹೆಣಗುವಾಗ ಆಗುವಂಥದೇ ಏದುಸಿರಿನ ಸದ್ದು ಮಾತ್ರ ಇತ್ತು. ಆ ಸದ್ದು ಅತ್ತಿಗೆಗೆ ಚೆನ್ನಾಗಿ ಗೊತ್ತು. ಅವಳದೇ ಎದೆಯಲ್ಲಿ ದಿನವೂ ಕೇಳಿದ್ದು.

ಲಾರಿ ಮೊದಲ ಮನೆ ದಾಟಿತು. ಓಡಿದರೆ ಗಂಡನದನ್ನೂ ಡಾಕ್ಟರದನ್ನೂ ಉಳಿಸಬಹುದಿತ್ತು. ಇಲ್ಲವೇ ಇದೊಂದನ್ನು. ಮನೆಯೊಳಗಿಂದ ಅತ್ತೆ, "ನೀರು ಕುದೀತಿದೆ ಕಣೇ, ಎಲ್ಲಿದ್ದೀಯೇ?" ಎಂದು ಕೂಗಿದರು.

ಅತ್ತಿಗೆ ಸೊಂಟದ ಗೊಂಚಲನ್ನು ಬಿಚ್ಚಿ ಡಾಕ್ಟರ ಕಾರಿನ ಬಾನೆಟ್ಟಿನ ಮೇಲಿಟ್ಟು, ಬೀದಿಯ ಕೊನೆಗೆ ನಡೆದಳು. ಟೀಚರ್ ಕಾರಿನ ಹಿಂದೆ ನಿಂತು, ಸೆರಗು ಬಿಗಿದು, ಒದ್ದೆ ತಗಡಿನ ಮೇಲೆ ಎರಡೂ ಅಂಗೈ ಊರಿದಳು.

"ಹ್ಞೂಂ, ನೀವು ಸ್ಟೀರಿಂಗ್ ತಿರುಗಿಸಿ," ಎಂದು ಮೆಲ್ಲಗೆ ಹೇಳಿ, ಮೈಯ ಭಾರವನ್ನೆಲ್ಲ ಹಾಕಿ ತಳ್ಳಿದಳು.